ಕಡಲಡಿಯ ಒಂದೇ ದಾರಿ

ಫೆಬ್ರವರಿ ೧೧

ಗುಬ್ಬಿ,

ಇನ್ನು ಮುಂದೆ ಕಾಗದದಲ್ಲೇ ಬರೆಯಿರಿ ಅತ್ತಿಗೆ ಎಂದು ನೀನು ಹೇಳಿಕಳಿಸಿದ್ದು ತಲುಪಿತು. ಒಳ್ಳೆಯದೇ ಆಯಿತು. ಇಮೇಲ್ ಬರೆದರೆ ನಿನಗಿಂತ ಮೊದಲು ನಮ್ಮ ದೂರಸಂಪರ್ಕ ಇಲಾಖೆಯ ಮೂವರು ಓದುತ್ತಾರೆ. ಅವರಲ್ಲೊಬ್ಬನಿಗೆ ಕಾಗುಣಿತವೇ ಬರುವುದಿಲ್ಲ. ಅವನು ಏನಕ್ಕೇನೋ ಅರ್ಥ ಮಾಡಿಕೊಂಡರೆ ನಮ್ಮ ಗತಿಯೇನು? ಅಂಚೆಯವನು ಓದುವುದಿಲ್ಲ. ಅವನಿಗೆ ತನ್ನ ಸೈಕಲ್ಲಿನ ಚಿಂತೆಯೇ ಬೇಕಾದಷ್ಟಿದೆ.

ನಿನ್ನನ್ನು ಸುಧಾರಣಾ ಸಮಿತಿಯ ವಕೀಲನಾಗಿ ತೆಗೆದುಕೊಂಡರೆಂದು ಕೇಳಿ ಆ ದಿನವೆಲ್ಲ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಫೋನು, ಇಂಟರ್‌ನೆಟ್ಟು ಎಲ್ಲವನ್ನೂ ಸರಕಾರದ ಮುಷ್ಟಿಯಿಂದ ಬಿಡಿಸುವ ಕಾನೂನಂತೆ! ಅದನ್ನು ಬರೆಯುವವನು ಯಾರು? ನಾನು ಸೊಸೆಯಾಗಿ ಬಂದ ದಿನ ಮೇಜಿನ ಕೆಳಗೆ ಅಡಗಿ ಕುಳಿತು, "ಇವರು ಯಾವಾಗ ವಾಪಸ್ ಹೋಗ್ತಾರೆ?" ಎಂದು ಕೇಳಿದವನು. ನಿಮ್ಮಣ್ಣ ನಕ್ಕು ನಕ್ಕು ಸುಸ್ತಾಗಿದ್ದರು. ಅವರೇ ಲೋಕ ಬಿಟ್ಟು ಹೊರಟುಹೋಗಿ ಇಷ್ಟು ವರ್ಷವಾಯಿತು. ನಾನು ಮಾತ್ರ ವಾಪಸ್ ಹೋಗಲೇ ಇಲ್ಲ ನೋಡು.

ಇಲ್ಲಿ ಎಲ್ಲ ಹಾಗೇ ಇದೆ. ಕೇಬಲ್ ಮನೆಗೆ ಎರಡೇ ಕೋಣೆ. ಒಂದರಲ್ಲಿ ಯಂತ್ರಗಳು, ಇನ್ನೊಂದರಲ್ಲಿ ನಾನು. ಯಂತ್ರಗಳಿಗೆ ತಂಪು ಬೇಕು, ನನಗೆ ಬೇಡ. ಯಾರ ಮಾತು ನಡೆಯುತ್ತದೆಂದು ನಿನಗೆ ಗೊತ್ತು. ಹೊರಗೆ ಬಿಸಿಲು ಸುಡುತ್ತಿರುವಾಗ ನಾನು ಸ್ವೆಟರ್ ಹಾಕಿಕೊಂಡು ಕುಳಿತಿರುತ್ತೇನೆ. ಕಿಟಕಿಯಾಚೆ ಮರಳು, ಮರಳಿನಾಚೆ ನೀರು. ದೇಶದೊಳಗಿನಿಂದ ಹೊರಟ ಮಾತೆಲ್ಲ ನನ್ನ ಕಾಲಡಿಯಲ್ಲೇ ಹಾದು, ಮಣಿಕಟ್ಟಿನಷ್ಟು ದಪ್ಪದ ಒಂದೇ ಒಂದು ಕೇಬಲ್‌ನಲ್ಲಿ ಕಡಲಿಗಿಳಿಯುತ್ತದೆ. ಯಾರೋ ಅಳುತ್ತಿರುತ್ತಾರೆ, ಯಾರೋ ಚೌಕಾಸಿ ಮಾಡುತ್ತಿರುತ್ತಾರೆ, ಯಾರೋ ಮಗುವಿಗೆ ಮುತ್ತು ಕಳಿಸುತ್ತಿರುತ್ತಾರೆ. ನನಗೆ ಕೇಳುವುದು ಫ್ಯಾನಿನ ಸದ್ದು. ಮಧ್ಯಾಹ್ನ ಕಣ್ಣು ಅರೆ ಮುಚ್ಚಿದರೆ ಆ ಸದ್ದೇ ಮಾತಾದಂತೆ ಅನ್ನಿಸುತ್ತದೆ.

ಮೊನ್ನೆ ಹಾಗೇ ಜೊಂಪು ಹತ್ತಿತ್ತು. ಕನಸಿನಲ್ಲಿ ನಿಮ್ಮಣ್ಣ ಕಡಲಿನ ತಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ. ಮಡಿಲಲ್ಲಿ ಕೇಬಲ್, ಮಲಗಿದ ಬೆಕ್ಕಿನ ಹಾಗೆ. ಈ ಕೇಬಲ್ಲಿನ ದಡದ ತುದಿಯನ್ನು ತಾವೇ ಬೆಸೆದ ದಿನ ಹಾಕಿಕೊಂಡಿದ್ದ ಅದೇ ನೀಲಿ ಅಂಗಿ. ಮೀನುಗಳು ಅವರ ಭುಜ ಸವರಿ ಹೋಗುತ್ತಿವೆ. ನಾನೂ ಹೋಗಿ ಕೇಬಲ್ಲಿನ ಇನ್ನೊಂದು ತುದಿ ಹಿಡಿದು ಕುಳಿತೆ. ಅವರು ಏನೋ ಹೇಳಿದರು. ಎಚ್ಚರವಾಯಿತು.

ಊಟ ಸರಿಯಾಗಿ ಮಾಡು. ಕಾನೂನು ಹೊಟ್ಟೆ ತುಂಬಿಸುವುದಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ ೨

ಪ್ರೀತಿಯ ಅತ್ತಿಗೆಗೆ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಕನಸಿನ ಭಾಗವಂತೂ ಬಾಯಿಪಾಠವಾಗಿದೆ.

ಸಮಿತಿ ಸೇರುವುದು ಒಂದು ಹಳೆಯ ಗ್ರಂಥಾಲಯದ ಮೇಲ್ಮಹಡಿಯಲ್ಲಿ. ಕಿಟಕಿಗಳು ಸರಿಯಾಗಿ ಮುಚ್ಚುವುದಿಲ್ಲ. ಪಾರಿವಾಳಗಳು ಒಳಗೆ ಬಂದು, ಸದಸ್ಯರಂತೆಯೇ ಗಂಭೀರವಾಗಿ ಓಡಾಡಿ ಹೋಗುತ್ತವೆ. ಗೋಡೆಯ ಮೇಲೆ ದೊಡ್ಡ ನಕ್ಷೆ. ಒಳನಾಡಿನಲ್ಲೆಲ್ಲ ಗೆರೆಗಳ ಬಲೆ, ಕಡಲಿಗೆ ಬಂದರೆ ಒಂದೇ ಗೆರೆ. ನಮ್ಮ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಕಿವಿ ಸ್ವಲ್ಪ ಮಂದ, ಕಣ್ಣು ಮಾತ್ರ ಹದ್ದಿನದು. ಊರುಗೋಲಿನಿಂದ ಆ ಗೆರೆಯನ್ನು ತಟ್ಟಿ, "ಇಷ್ಟು ದೊಡ್ಡ ದೇಶಕ್ಕೆ ಇದೊಂದೇನಾ?" ಎಂದರು.

"ಒಂದೇ ಮೇಡಂ. ಇನ್ನೊಂದು ಹಾಕೋಕೆ ಬೇರೆ ಯಾರಿಗೂ ಪರವಾನಗಿ ಇಲ್ಲ," ಎಂದರು ಇಲಾಖೆಯವರು.

"ಮತ್ತೆ ಇದಕ್ಕೇ ಬೀಗ ಹಾಕಿದ್ರೆ?"

ಇಲಾಖೆಯವರು ಕಡತ ತೆರೆದು ಹಾಳೆ ತಿರುವತೊಡಗಿದರು. ನಾನು ಊರುಗೋಲಿನ ತುದಿ ನಿಂತಿದ್ದ ಜಾಗವನ್ನು ನೋಡಿದೆ. ಅಲ್ಲಿ ನಿಮ್ಮ ಕಿಟಕಿ ಕಂಡ ಹಾಗಾಯಿತು.

ಇದಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಒಳಗಿನ ಮಾತನ್ನು ಹೊರಗೆ ಆಡಬಾರದು, ಅದರಲ್ಲೂ ಇಲಾಖೆಯ ನೌಕರರ ಹತ್ತಿರ. ನಿಮಗೊಂದು ವಿಷಯ ಹೇಳಬೇಕೆಂದು ಕುಳಿತೆ, ನುಂಗಿಕೊಂಡೆ. ಬೇರೆ ಹಾಳೆ ತೆಗೆದುಕೊಂಡೆ, ಮತ್ತೆ ನುಂಗಿಕೊಂಡೆ. ಕೋಣೆ ಚೆನ್ನಾಗಿದೆ. ಎದುರು ಮನೆಯಲ್ಲಿ ಯಾರೋ ಕೊಳಲು ಕಲಿಯುತ್ತಿದ್ದಾರೆ. ಇಷ್ಟು ದಿನವಾದರೂ ಮೂರು ಸ್ವರ ದಾಟಿಲ್ಲ. ಆದರೆ ಸಂಜೆಯ ಹೊತ್ತು ಆ ಮೂರೇ ಸ್ವರ ಬೀದಿಯನ್ನೆಲ್ಲ ತೂಗಿ ಮಲಗಿಸುತ್ತವೆ.

ಅಣ್ಣ ಬೆಸೆದ ಕೇಬಲ್ ಬಂದು ಸೇರುವ ಮನೆ ನಿಮ್ಮದು. ನಿಮ್ಮ ಪಾಲಿಗೆ ಅದೇನೆಂದು ನನಗೆ ಗೊತ್ತು, ಅತ್ತಿಗೆ. ಅದಕ್ಕೆ ಯಾವ ಗಾಳಿಯೂ ತಾಗದ ಹಾಗೆ ನೋಡಿಕೊಳ್ಳುತ್ತೇನೆ.

ನಿಮ್ಮ ಗುಬ್ಬಿ


ಮಾರ್ಚ್ ೨೩

ಗುಬ್ಬಿ,

ಹುಡುಗಿ ಯಾರು?

ಹೇಳಬೇಕೆಂದು ಕುಳಿತೆ, ನುಂಗಿಕೊಂಡೆ, ಮತ್ತೆ ನುಂಗಿಕೊಂಡೆ! ಇದು ಸಮಿತಿಯ ಗುಟ್ಟೆಂದು ನನ್ನ ಕಿವಿಗೆ ಹೂ ಇಡಬೇಡ. ಕೊಳಲು ಕಲಿಯುವವಳೇ ತಾನೆ? ಸಂಸಾರಕ್ಕೆ ಮೂರು ಸ್ವರ ಧಾರಾಳವಾಯಿತು. ನಿಮ್ಮಣ್ಣನಿಗೆ ಒಂದೂ ಬರುತ್ತಿರಲಿಲ್ಲ, ಆದರೂ ದಿನವೂ ಹಾಡುತ್ತಿದ್ದರು. ನಾನು ಸಹಿಸಿಕೊಳ್ಳಲಿಲ್ಲವೇ? ಅವಳ ಊರು, ಓದು, ಮನೆಯವರು ಎಲ್ಲ ಬರೆ. ನಿನಗೆ ಸಂಕೋಚವಾದರೆ ನಾನೇ ಕೇಳುತ್ತೇನೆ.

ಇಲ್ಲಿ ಈ ವಾರ ಬೆಳಗ್ಗೆ ಮಂಜು ಹೇಗೆ ಕವಿಯುತ್ತದೆಂದರೆ, ಕಡಲೂ ಇಲ್ಲ, ಮರಳೂ ಇಲ್ಲ; ಕೇಬಲ್ ಮನೆಯೊಂದೇ ಹತ್ತಿಯ ಮೂಟೆಯೊಳಗೆ ಯಾರೋ ಮರೆತುಬಿಟ್ಟ ಡಬ್ಬಿಯಂತೆ ತೇಲುತ್ತಿರುತ್ತದೆ. ವಲಯಾಧಿಕಾರಿಗಳು ಬಂದಿದ್ದರು. ಚಹಾ ಕುಡಿದರು, ಮಂಜು ನೋಡಿದರು, ಹೋದರು.

ರಜೆಗೆ ಬರೆದುಕೊಂಡಿದ್ದೆ. ನನ್ನ ಬದಲಿಗೆ ಕೂರುವವರಿಲ್ಲವೆಂದು ವಾಪಸ್ ಬಂತು. ಎಂದಿನಂತೆ. ಈ ಮನೆ ಬಿಟ್ಟು ನಾನೆಲ್ಲಿಗೆ ಹೋಗಲಿ ಹೇಳು.

ಅತ್ತಿಗೆ


ಏಪ್ರಿಲ್ ೧೭

ಪ್ರೀತಿಯ ಅತ್ತಿಗೆಗೆ,

ಹುಡುಗಿಯೂ ಇಲ್ಲ, ಏನೂ ಇಲ್ಲ. ಕೊಳಲು ಕಲಿಯುತ್ತಿರುವವರು ಎಪ್ಪತ್ತು ದಾಟಿದ ದಂತವೈದ್ಯರು. ನೀವು ಕೇಳಿದರೆ ಒಪ್ಪಿಕೊಂಡಾರು, ಆದರೆ ನನಗೆ ಬೇಡ.

"ಈ ಮನೆ ಬಿಟ್ಟು ನಾನೆಲ್ಲಿಗೆ ಹೋಗಲಿ" ಎಂದು ಬರೆದಿದ್ದೀರಲ್ಲ, ಆ ಸಾಲು ನನ್ನ ನಿದ್ದೆ ಕೆಡಿಸಿತ್ತು. ಈಗ ನೆಮ್ಮದಿಯಾಗಿದ್ದೇನೆ. ಒಂದು ಕೆಲಸ ಮಾಡಿದ್ದೇನೆ. ಸುಲಭವಾಗಿರಲಿಲ್ಲ. ಅಧ್ಯಕ್ಷೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಇದು ಯಾಕ್ರೀ ಬೇಕು ನಿಮಗೆ?" ಎಂದರು. ಏನೋ ವಾದ ಮಾಡಿದೆ. ಆಶ್ಚರ್ಯವೆಂದರೆ ಇಲಾಖೆಯವರೂ ನನ್ನ ಪರವಾಗಿ ನಿಂತರು. ಏನೆಂದು ಈಗ ಹೇಳಲಾರೆ. ಗೊತ್ತಾದ ದಿನ ನಿಮಗೆ ಸಂತೋಷವಾಗುತ್ತದೆ.

ಕರಡು ಅಚ್ಚಿಗೆ ಹೋಗುತ್ತಿದೆ. ಬೇರೆಯವರು ಕೇಬಲ್ ತರಬಹುದು, ಊರವರೇ ಸಂಘ ಕಟ್ಟಿಕೊಂಡು ಜಾಲ ಎಳೆಯಬಹುದು, ಬೆಲೆ ನಿಗದಿಮಾಡುವವರು ಬೇರೆ, ಮಾರುವವರು ಬೇರೆ. ಇಷ್ಟು ಪತ್ರಿಕೆಗಳಲ್ಲೇ ಬಂದಿದೆ, ಹಾಗಾಗಿ ಬರೆದೆ.

ನಿಮ್ಮ ಗುಬ್ಬಿ


ಮೇ ೩೦

ಅತ್ತಿಗೆ,

ಈ ತಿಂಗಳು ಬರೆದ ಎರಡು ಕಾಗದ ತಲುಪಿದವೋ ಇಲ್ಲವೋ. ಸಾರಿಗೆಯವರ ಮುಷ್ಕರದಲ್ಲಿ ಅಂಚೆ ಚೀಲಗಳು ನಿಲ್ದಾಣದಲ್ಲೇ ಕೊಳೆತವಂತೆ. ಈಗ ಬಸ್ಸು ಓಡುತ್ತಿದೆ ಎಂದು ಮತ್ತೆ ಬರೆಯುತ್ತಿದ್ದೇನೆ.

ಮುಷ್ಕರ ಶುರುವಾದ ಮರುದಿನವೇ ಇಂಟರ್‌ನೆಟ್ ನಿಂತಿತು. ನಗರ ನೀರಿನಡಿಗೆ ಹೋದ ಹಾಗಿತ್ತು. ಜನ ಫೋನುಗಳನ್ನು ಆಕಾಶಕ್ಕೆ ಎತ್ತಿ ಹಿಡಿದು ಬೀದಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು. ಅಧ್ಯಕ್ಷೆಯ ಮಗಳಿಗೆ ಹೊರದೇಶದಲ್ಲಿ ಆಪರೇಷನ್ ಇತ್ತು. ಏನಾಯಿತೆಂದು ತಿಳಿಯದೆ ಆ ಹೆಂಗಸು ಖಾಲಿ ಪರದೆಯ ಮುಂದೆ ಕೈಕಟ್ಟಿ ಕುಳಿತಿದ್ದನ್ನು ನೋಡಲಾಗಲಿಲ್ಲ. ಮಗಳು ಚೆನ್ನಾಗಿದ್ದಾಳೆಂದು ಆಮೇಲೆ ತಿಳಿಯಿತು.

"ಕಡಲಡಿಯ ಕೇಬಲ್‌ನಲ್ಲಿ ತಾಂತ್ರಿಕ ದೋಷ" ಎಂದು ಇಲಾಖೆ ಹೇಳಿಕೆ ಕೊಟ್ಟಿದೆ. ಅಣ್ಣನ ಬೆಸುಗೆ ಹೋಯಿತೇ? ನೀವು ಅದನ್ನು ನೋಡುತ್ತ ಒಬ್ಬರೇ ಹೇಗೆ ಕುಳಿತಿದ್ದಿರೋ. ಎರಡೇ ಸಾಲು ಬರೆಯಿರಿ.

ಗುಬ್ಬಿ


ಜೂನ್ ೧೪

ಗುಬ್ಬಿ,

ನಿನ್ನ ಮೂರೂ ಕಾಗದ ಬಂದಿವೆ. ಮೊದಲ ಎರಡಕ್ಕೆ ಉತ್ತರ ಬರೆಯಲು ಕೈ ಏಳಲಿಲ್ಲ.

ನಿಮ್ಮಣ್ಣನ ಬೆಸುಗೆಗೆ ಏನೂ ಆಗಿಲ್ಲ.

ಬೆಳಗಿನ ಚಹಾ ಲೋಟ ಕೈಯಲ್ಲಿತ್ತು. ಫೋನ್ ಬಂತು. "ಬಾಗಿಲು ಹಾಕಿ," ಎಂದಿತು ಧ್ವನಿ. ನಮ್ಮಲ್ಲಿ ಹಾಗೇ ಹೇಳುವುದು.

"ಎಷ್ಟು ಹೊತ್ತು ಸಾರ್?"

"ತೆಗೀರಿ ಅನ್ನೋವರೆಗೂ."

"ಯಾರಾದ್ರೂ ಕೇಳಿದ್ರೆ?"

"ದೋಷ ಅನ್ನಿ."

ಹೆಚ್ಚೇನೂ ಇಲ್ಲ, ಒಂದು ಸಾಲು ಟೈಪ್ ಮಾಡಿ ಒಂದು ಗುಂಡಿ ಒತ್ತುವುದು. ಒತ್ತಿದೆ. ಪರದೆಯ ಮೇಲೆ ಕುಣಿಯುತ್ತಿದ್ದ ಹಸಿರು ಗೆರೆಗಳು ಒಂದರ ಹಿಂದೊಂದು ಮಲಗಿದವು. ಫ್ಯಾನಿನ ಸದ್ದು ಹಾಗೇ ಇತ್ತು, ಅದರಲ್ಲಿ ಮಾತಿರಲಿಲ್ಲ.

ಆಚೆ ದಡದ ಕೇಬಲ್ ಮನೆಯಲ್ಲಿ ನನ್ನಂತೆಯೇ ಒಬ್ಬಳಿದ್ದಾಳೆ. ದುರಸ್ತಿ ಕೆಲಸಕ್ಕೆಂದು ನಮ್ಮಿಬ್ಬರ ನಡುವೆ ಸಂದೇಶ ಕಳಿಸಲು ಬೇರೆಯೇ ಒಂದು ಲೈನಿದೆ. ಕೆಲಸದ ಮಾತು ಬಿಟ್ಟು ಇನ್ನೇನೂ ಆಡಬಾರದು. "ನಿಮ್ಮ ಕಡೆ ದೋಷವೇ? ದುರಸ್ತಿ ಹಡಗು ಕಳಿಸಬೇಕೇ?" ಎಂದು ಬರೆದಳು. "ದೋಷ. ಹಡಗು ಬೇಡ," ಎಂದೆ. ಆಮೇಲೆ "ಅರ್ಥವಾಯಿತು" ಎಂದು ಬಂತು. ಅಷ್ಟು ದೂರದಿಂದ ಯಾರೋ ನನ್ನ ಮುಖವನ್ನು ದೀಪ ಹಿಡಿದು ನೋಡಿದ ಹಾಗಾಯಿತು.

ಬಂದರಿನ ಕಡೆಯ ಒಬ್ಬ ತಾಯಿ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಮಗ ಸರಕು ಹಡಗಿನಲ್ಲಿದ್ದಾನೆ. "ಏನಮ್ಮ, ದೋಷ ಸಿಕ್ತಾ?" ಎಂದು ಕೇಳುತ್ತಿದ್ದಳು. "ಹುಡುಕ್ತಾ ಇದ್ದೀವಿ," ಎನ್ನುತ್ತಿದ್ದೆ. "ಪಾಪ, ನಿಮಗೂ ಎಷ್ಟು ಕಷ್ಟ," ಎಂದು ಒಂದು ದಿನ ಫ್ಲಾಸ್ಕಿನಲ್ಲಿ ಚಹಾ ತಂದುಕೊಟ್ಟಳು. ಕುಡಿದೆ ಗುಬ್ಬಿ. ಕುಡಿಯದಿದ್ದರೆ ಯಾಕೆಂದು ಕೇಳುತ್ತಿದ್ದಳು.

ಬಾಗಿಲು ತೆಗೆದ ಮೇಲೆ ವಲಯಾಧಿಕಾರಿಗಳು ಸಿಹಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರು. ಮಾರ್ಚ್‌ನಲ್ಲಿ ಬಂದವರು ಮಂಜು ನೋಡಲು ಬಂದಿರಲಿಲ್ಲ. ಇಲಾಖೆಯ ಪರವಾಗಿ ಮೈದುನನಿಗೆ ಒಂದು ಮಾತು ಹೇಳಿ ಎಂದು ಕೇಳಲು ಬಂದಿದ್ದರು. ಆಗಲ್ಲ ಎಂದಿದ್ದೆ, ನಿನಗೆ ಭಾರವಾಗಬಾರದೆಂದು ಬರೆಯಲಿಲ್ಲ. ಈ ಸಲ ನಗುತ್ತ, "ನೀವು ಹೇಳದೇ ಇದ್ರೂ ನಿಮ್ಮ ಮೈದುನ ಒಳ್ಳೆ ಕೆಲಸ ಮಾಡಿದಾರೆ ಬಿಡಿ. ಯಾರು ಎಲ್ಲಿಂದ ಕೇಬಲ್ ತಂದ್ರೂ ಈ ಮನೆಗೇ ಬಂದು ಸೇರಬೇಕು, ಈ ಮನೆ ಇಲಾಖೆ ಹತ್ರಾನೇ ಇರಬೇಕು ಅಂತ ಬರೆದಿದಾರೆ," ಎಂದರು.

ಇದೇನೋ ನನ್ನ ಸಂತೋಷ?

ಮನೆಗೆ ನೂರು ಕಿಟಕಿ ಇಟ್ಟು, ಎಲ್ಲ ಕಿಟಕಿಯ ಚಿಲಕ ಒಂದೇ ಕೈಗೆ ಕೊಟ್ಟರೆ ಅದೆಂಥ ಸುಧಾರಣೆ? ಅದೂ ನನ್ನ ಹೆಸರಿನಲ್ಲಿ! ಈ ಮನೆ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಬರೆದೆನಲ್ಲ, ಅದು ಬಿಡಿಸು ಎನ್ನುವ ಮಾತು ಕಣೋ, ಕಟ್ಟಿಹಾಕು ಎನ್ನುವುದಲ್ಲ. ನನಗೆ ಒಂದು ದಿನದ ರಜೆ ಬೇಕು. ಊರಾಚೆ ರಸ್ತೆ ಹೇಗೆ ತಿರುಗುತ್ತದೆಂದು ನೋಡಬೇಕು.

ಕನಸಿನಲ್ಲಿ ನಿಮ್ಮಣ್ಣ ಹೇಳಿದ್ದು ನನಗೆ ಸ್ಪಷ್ಟವಾಗಿಯೇ ಕೇಳಿಸಿತ್ತು. ನಿನಗೆ ನೋವಾಗುತ್ತದೆಂದು ಬಿಟ್ಟಿದ್ದೆ. "ಇದನ್ನ ಎಷ್ಟು ಹೊತ್ತು ಅಂತ ಹಿಡ್ಕೊಂಡಿರ್ತೀಯೇ? ಕೈ ನೋಯಲ್ವಾ? ಬಿಡು," ಎಂದರು.

ಆ ಸಾಲು ತೆಗೆ.

ಅತ್ತಿಗೆ


ಜುಲೈ ೫

ಅತ್ತಿಗೆ,

ಬೈದಿದ್ದು ಸಾಲದು. ಇನ್ನಷ್ಟು ಬಯ್ಯಬಹುದಿತ್ತು. ಅಂದು ನಾನು ನುಂಗಿಕೊಂಡದ್ದು ಇದನ್ನೇ: ಕೇಬಲ್ ಮನೆಯನ್ನು ಇಲಾಖೆಯಿಂದ ಬಿಡಿಸುವ ಮಾತಿತ್ತು, ಆಗ ನಿಮ್ಮ ಮನೆ ಹೋಗುತ್ತದೆಂದು ಹೆದರಿ ಆ ಸಾಲು ಸೇರಿಸಿದೆ.

ಅಧ್ಯಕ್ಷೆಯ ಮನೆಗೆ ಹೋಗಿ, ನಾನು ಸೇರಿಸಿದ ಸಾಲು ತಪ್ಪು, ತೆಗೆಯಿರಿ ಎಂದೆ. ಅವರು ಗಿಡಗಳಿಗೆ ನೀರು ಹಾಕುತ್ತಿದ್ದರು. "ಅಚ್ಚಾಗಿರೋ ಕರಡು ನಿಮ್ಮ ಕೊರಗಿಗೆ ಬದಲಾಗಲ್ಲ. ಇಲಾಖೆ ದೋಷ ಅಂತಿದೆ. ಒಂದೇ ಮನೆ, ಒಂದೇ ಕೈ ಅಂದ್ರೆ ಏನಾಗುತ್ತೆ ಅಂತ ಯಾರಾದ್ರೂ ಸಾರ್ವಜನಿಕ ವಿಚಾರಣೆಯಲ್ಲಿ ಎದ್ದು ಹೇಳ್ಬೇಕು. ಹೇಳೋರು ಇದಾರಾ?" ಎಂದರು.

ಗೊತ್ತಿಲ್ಲ ಎಂದೆ.

ವಿಚಾರಣೆ ಆಗಸ್ಟ್ ಎರಡನೇ ವಾರ. ನಿಮ್ಮನ್ನು ನಾನು ಏನೂ ಕೇಳುತ್ತಿಲ್ಲ. ದಯವಿಟ್ಟು ನೀವೂ ಏನೂ ಮಾಡಬೇಡಿ. ನಿಮ್ಮ ಕೆಲಸ, ಪಿಂಚಣಿ ಎಲ್ಲ ಹೋಗುತ್ತದೆ.

ಗುಬ್ಬಿ


ಆಗಸ್ಟ್ ೩

ಗುಬ್ಬಿ,

ಬುಧವಾರದ ರೈಲಿಗೆ ಬರುತ್ತಿದ್ದೇನೆ. ರಜೆ ಕೊಡಲಿಲ್ಲ, ತೆಗೆದುಕೊಂಡೆ. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದೆ.

ಅತ್ತಿಗೆ


ಆಗಸ್ಟ್ ೧೬

ಗುಬ್ಬಿ,

ಕ್ಷೇಮವಾಗಿ ತಲುಪಿದೆ. ಅಮಾನತಿನ ಆದೇಶ ನನಗಿಂತ ಮೊದಲೇ ತಲುಪಿ ಬಾಗಿಲಿಗೆ ಅಂಟಿಕೊಂಡಿತ್ತು.

ಸಮಿತಿಯ ಮೇಜಿನ ಹಿಂದೆ ನಿನ್ನ ಕುರ್ಚಿ ಖಾಲಿ ಇತ್ತು. ಹೇಳುವಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದೆ. ಅತ್ತಿಗೆಯೆಂದು ಎಲ್ಲರೆದುರು ಒಪ್ಪಿಕೊಳ್ಳಲು ಹುಡುಗನಿಗೆ ಕಷ್ಟವಾಯಿತೇನೋ ಅಂದುಕೊಂಡು ಸಂಜೆಯ ರೈಲಿಗೇ ಹತ್ತಿದೆ. ಇರಲಿ. ನಿನಗೂ ನಿನ್ನ ದಾರಿ ಇದೆ.

ಅತ್ತಿಗೆ


ಆಗಸ್ಟ್ ೨೪

ಅತ್ತಿಗೆ,

ಆ ಕುರ್ಚಿ ಖಾಲಿಯಿದ್ದದ್ದು ನಾನು ರಾಜೀನಾಮೆ ಕೊಟ್ಟಿದ್ದರಿಂದ. ನೀವು ಬರುತ್ತೀರೆಂದು ತಿಳಿದ ದಿನವೇ ಕೊಟ್ಟೆ. ನಾನು ಮೇಜಿನ ಆ ಬದಿಗಿದ್ದರೆ ನಿಮ್ಮ ಮಾತನ್ನು ನನ್ನ ಮಾತೆಂದು ತಳ್ಳಿಹಾಕುತ್ತಿದ್ದರು. ವಿಚಾರಣೆಗೆ ಮೊದಲು ನಿಮ್ಮನ್ನು ಕಾಣಲು ಬಾರದೆ ಇದ್ದದ್ದೂ ಅದಕ್ಕೇ. ನಾನು ಹಿಂದಿನ ಸಾಲಿನಲ್ಲಿ, ಜನರ ನಡುವೆ ಇದ್ದೆ. ನೀವು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಸಂಜೆ ನಿಮ್ಮನ್ನು ಹುಡುಕಿ ಎಲ್ಲ ವಸತಿಗೃಹಗಳನ್ನೂ ಸುತ್ತಿದೆ; ರೈಲು ನಿಲ್ದಾಣ ಹೊಳೆದದ್ದು ರೈಲು ಹೋದ ಮೇಲೆ.

ನೀವು ನೋಡದೇ ಹೋದದ್ದನ್ನು ನಾನು ನೋಡಿದೆ, ಕೇಳಿ. ಇಲಾಖೆಯ ವಕೀಲರು, "ಕೇಬಲ್‌ನಲ್ಲಿ ಏನು ದೋಷ ಇತ್ತು ಅಂತ ಹೇಳ್ತೀರಾ?" ಎಂದಾಗ ನೀವು, "ದೋಷ ಇರ್ಲಿಲ್ಲ ಸಾರ್. ನನ್ನ ಬೆರಳಿತ್ತು," ಎಂದಿರಿ. ಅಧ್ಯಕ್ಷೆ ಕಿವಿಗೆ ಕೈಯಿಟ್ಟು ಮುಂದೆ ಬಾಗಿ, "ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ," ಎಂದರು. ನೀವು ಜೋರಾಗಿ, ನಿಧಾನವಾಗಿ ಹೇಳಿದಿರಿ. ಅವರಿಗೆ ಮೊದಲನೇ ಸಲವೇ ಕೇಳಿಸಿತ್ತೆಂದು ನಾನು ಆಣೆಯಿಟ್ಟು ಹೇಳಬಲ್ಲೆ.

"ಇದನ್ನೆಲ್ಲ ನಿಮ್ಮ ಮೈದುನ ಹೇಳಿಕೊಟ್ರಾ?" ಎಂದು ವಕೀಲರು ಕೇಳಿದಾಗ ನೀವು ಕೊಟ್ಟ ಉತ್ತರ: "ಹೇಳಿಕೊಡೋದು ನಮ್ಮನೇಲಿ ನನ್ನ ಕೆಲಸ ಸಾರ್. ಅವನಿಗೆ ಅ ಆ ಇ ಈ ಹೇಳಿಕೊಟ್ಟೋಳು ನಾನು." ಸಭೆಯೆಲ್ಲ ನಕ್ಕಿತು. ನಾನು ಮಾತ್ರ ಮುಂದಿನವರ ಬೆನ್ನಿಗೆ ಮುಖ ಮರೆಸಿಕೊಂಡೆ. ಅವರ ಕೋಟು ಸ್ವಲ್ಪ ಒದ್ದೆಯಾಗಿರಬೇಕು.

ಆ ಸಾಲು ಬಿದ್ದುಹೋಯಿತು, ಅತ್ತಿಗೆ. ಹೊಸ ಕರಡಿನಲ್ಲಿ ಕೇಬಲ್ ಮನೆ ಇಲಾಖೆಯದಲ್ಲ, ಅದು ಏಕೈಕ ಮನೆಯೂ ಅಲ್ಲ.

ನನಗೀಗ ಕೆಲಸವಿಲ್ಲ, ನಿಮಗೂ ಇಲ್ಲ. ನಾನು ಬರಲೇ?

ಗುಬ್ಬಿ


ಸೆಪ್ಟೆಂಬರ್ ೧

ಕೇಳುವುದೇನು, ಬಾ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.


ಮರುವರ್ಷ, ಅಕ್ಟೋಬರ್ ೬

ಗುಬ್ಬಿ,

ನೀನು ಮತ್ತೆ ರಾಜಧಾನಿ ಸೇರಿ, ಸ್ವಂತ ವಕಾಲತ್ತು ಶುರುಮಾಡಿದ ಮೇಲೆ ಬರೆಯುವ ಮೊದಲ ಕಾಗದ ಇದು. ಈಗ ಫೋನಿನಲ್ಲೇ ಎಲ್ಲ ಹೇಳಬಹುದು, ಯಾರೂ ನಡುವೆ ಕೂತು ಓದುವುದಿಲ್ಲ. ಆದರೂ ಇದನ್ನು ಹೇಳುವುದಕ್ಕೆ ಕಾಗದವೇ ಬೇಕೆನ್ನಿಸಿತು.

ಹೊಸ ಕಾನೂನಿನಂತೆ ಕೇಬಲ್ ಮನೆ ವಹಿಸಿಕೊಂಡ ಪ್ರಾಧಿಕಾರದವರು ನನ್ನನ್ನು ವಾಪಸ್ ಕರೆದದ್ದು, ಇಬ್ಬರು ಹುಡುಗಿಯರಿಗೆ ಕೆಲಸ ಕಲಿಸುತ್ತಿರುವುದು ನಿನಗೆ ಗೊತ್ತೇ ಇದೆ. ಉತ್ತರದ ಬಂದರಿನಲ್ಲಿ ಕಂಪನಿಯವರ ಕೇಬಲ್ ದಡ ಸೇರಿದ್ದೂ ಗೊತ್ತು. ಮೀನುಗಾರರ ಊರುಗಳೆಲ್ಲ ಸೇರಿ ಸಂಘ ಕಟ್ಟಿ, ನೆರೆದೇಶದ ಗಡಿಯಿಂದ ನೆಲದೊಳಗೆ ಒಂದು ಕೇಬಲ್ ಎಳೆದುಕೊಂಡಿದ್ದಾರೆ. ಎಲ್ಲ ಸರಿಹೋಯಿತೆಂದಲ್ಲ. ಕಂಪನಿಯವರ ಬಿಲ್ಲು ಯಾರಿಗೂ ಅರ್ಥವಾಗುವುದಿಲ್ಲ. ಸಂಘದವರು ಕೆಲಸಕ್ಕಿಂತ ಸಭೆಯನ್ನೇ ಹೆಚ್ಚು ಮಾಡುತ್ತಾರೆ.

ನಿನ್ನೆ ಹನ್ನೊಂದರ ಹೊತ್ತಿಗೆ ಪರದೆಯ ಗೆರೆಗಳೆಲ್ಲ ಒಮ್ಮೆಲೇ ಮಲಗಿದವು. ಈ ಸಲ ಫೋನ್ ಬಂದಿರಲಿಲ್ಲ, ನಾನು ಏನನ್ನೂ ಮುಟ್ಟಿರಲಿಲ್ಲ. ಗಾಳಿಗೆ ಸಿಕ್ಕ ಹಡಗೊಂದು ಲಂಗರನ್ನು ಎಳೆದುಕೊಂಡು ಹೋಗಿ ನಮ್ಮ ಕೇಬಲ್ಲನ್ನು ದಡದ ಹತ್ತಿರವೇ ಕತ್ತರಿಸಿತ್ತು. ನಿಮ್ಮಣ್ಣನ ಬೆಸುಗೆ ಇದ್ದದ್ದು ಅಲ್ಲೇ. ಹೋಯಿತು.

ಅಭ್ಯಾಸಬಲ ನೋಡು, ಎದ್ದು ಮೆಟ್ಟಿಲಿಗೆ ಓಡಿದೆ. ಜನ ಬರುತ್ತಾರೆ, ಏನೆಂದು ಹೇಳಲಿ? ಯಾರೂ ಬರಲಿಲ್ಲ. ರಸ್ತೆಗಿಳಿದೆ. ದರ್ಜಿಯ ಅಂಗಡಿಯಲ್ಲಿ ಯಾವುದೋ ದೇಶದ ಹಾಡು ತಡೆಯಿಲ್ಲದೆ ಹಾಡುತ್ತಿತ್ತು. ಬಸ್ ನಿಲ್ದಾಣದಲ್ಲಿ ಒಬ್ಬಳು ಫೋನಿನ ಪರದೆಗೆ ಮಗುವಿನ ಹೊಸ ಹಲ್ಲು ತೋರಿಸುತ್ತಿದ್ದಳು. ಔಷಧಿ ಅಂಗಡಿಯವರನ್ನು, "ಇಂಟರ್‌ನೆಟ್ಟಿಗೆ ಏನಾದ್ರೂ ಆಗಿದೆಯಾ?" ಎಂದು ಕೇಳಿದೆ. ಅವರು ಫೋನ್ ನೋಡಿ, "ಇಲ್ವಲ್ಲ ಅಮ್ಮ. ಯಾಕೆ, ಆಗ್ಬೇಕಿತ್ತಾ?" ಎಂದರು.

ಮಾತೆಲ್ಲ ಬೇರೆ ದಾರಿ ಹಿಡಿದು ಹೋಗಿತ್ತು. ಯಾರಿಗೂ ಗೊತ್ತೇ ಆಗಿರಲಿಲ್ಲ.

ವಾಪಸ್ ಬಂದು ಕುಳಿತೆ. ಅಳು ಬರುತ್ತದೆಂದುಕೊಂಡೆ. ಬಂತು, ಸ್ವಲ್ಪ, ಅವರು ಅಷ್ಟು ಜತನದಿಂದ ಮಾಡಿದ ಕೆಲಸವಲ್ಲವೇ. ಆಮೇಲೆ ಹುಡುಗಿಯರಿಗೆ, "ದುರಸ್ತಿ ಹಡಗಿಗೆ ಹೇಳಿ, ಅವಸರ ಏನಿಲ್ಲ ಅನ್ನಿ," ಎಂದೆ. ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಡಲ ಅಂಚಿಗೇ ನಡೆಯತೊಡಗಿದೆ. ನಡುಮಧ್ಯಾಹ್ನ. ಮರಳು ಬೆಚ್ಚಗಿತ್ತು, ನೀರು ತಣ್ಣಗಿತ್ತು. ಬಂಡೆಗಳ ತಿರುವು ದಾಟಿ ಹಿಂದಿರುಗಿ ನೋಡಿದೆ; ಕೇಬಲ್ ಮನೆ ಕಾಣಿಸಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಮತ್ತೆ ಮುಂದಕ್ಕೇ ನಡೆದೆ.

ಯಾರೂ ಕೂಗಿ ಕರೆಯಲಿಲ್ಲ.

ನಿನ್ನ ಅತ್ತಿಗೆ